ಆಕಾರವಿಲ್ಲದ ಚಿತ್ರ

ಆಷಾಢದ ಮುಗಿಲಿನಲ್ಲಿ ಆನೆಯನ್ನೋ ರಥವನ್ನೋ ಕಾಣದ ಮಗುವಿಲ್ಲ. ಕಣ್ಣಿಗೆ ಬಿದ್ದುದು ಬರಿಯ ಛಾಯೆ. ಆನೆಯನ್ನು ಕಲ್ಪಿಸಿದುದು ಮನಸ್ಸು. ಇಂದಿನ ತರುಣರು ಗಣಕಯಂತ್ರದ ತೆರೆಯ ಮೇಲೆ ರಚಿಸುವ ಅಮೂರ್ತಚಿತ್ರಗಳಿಗೂ ಈ ಮನೋಧರ್ಮವೇ ಆಧಾರವು. ಆದರೆ ಅವನ್ನು ಕಂಡ ಹಿರಿಯರು, "ಇದು ಯಂತ್ರದ ಕೆಲಸ, ಇದರಲ್ಲಿ ಚಿತ್ರಕಾರನದೇನು?" ಎಂದು ಕೇಳುವುದುಂಟು. ಪ್ರಶ್ನೆಯು ಹಗುರವಾದುದಲ್ಲ. ಇದಕ್ಕೆ ಉತ್ತರವಿಲ್ಲವಾದರೆ, ರಾತ್ರಿಯೆಲ್ಲ ಎಚ್ಚರವಿದ್ದು ದುಡಿದ ಹುಡುಗನ ಶ್ರಮವು ಕೇವಲ ಕಾಲಕ್ಷೇಪವೆಂದೇ ಒಪ್ಪಬೇಕಾಗುತ್ತದೆ.

ಯಂತ್ರವು ಮಾಡುವುದೇನೆಂಬುದನ್ನು ಮೊದಲು ತಿಳಿಯಬೇಕು. ತೆರೆಯ ಮೇಲಿನ ಚಿತ್ರವು ಚುಕ್ಕಿಗಳ ಸಮೂಹವು. ಒಂದೊಂದು ಚುಕ್ಕಿಗೂ ಕೆಂಪು, ಹಸುರು, ನೀಲಿ ಎಂಬ ಮೂರು ಬೆಳಕುಗಳು. ಸಾಮಾನ್ಯವಾಗಿ ಒಂದೊಂದು ಬೆಳಕಿಗೂ ೦ಯಿಂದ ೨೫೫ರ ವರೆಗೆ ಬೆಲೆಯುಂಟು. ಇವುಗಳ ಕೂಟದಿಂದ ೧,೬೭,೭೭,೨೧೬ ಬಣ್ಣಗಳಾಗುತ್ತವೆ. ಅಮೆರಿಕದ ರಸೆಲ್ ಕಿರ್ಶ್ ಎಂಬವರು ೧೯೫೭ರಲ್ಲಿ ತಮ್ಮ ಶಿಶುವಿನ ಭಾವಚಿತ್ರವನ್ನು ಗಣಕಕ್ಕೆ ಇಳಿಸಿದಾಗ ಅದರಲ್ಲಿದ್ದುದು ಸಾಲಿಗೆ ೧೭೬ ಚುಕ್ಕಿಗಳಂತೆ ೧೭೬ ಸಾಲುಗಳು ಮಾತ್ರ. ಥಾಮಸ್ ನೋಲ್ ಮತ್ತು ಜಾನ್ ನೋಲ್ ಎಂಬ ಸೋದರರು ರೂಪಿಸಿದ ಫೋಟೋಶಾಪ್ ೧೯೯೦ರಲ್ಲಿ ಹೊರಬಂದಿತು. ೧೯೯೪ರ ಮೂರನೆಯ ಆವೃತ್ತಿಯಲ್ಲಿ, ಗಾಜಿನ ಮೇಲೆ ಗಾಜನ್ನಿಟ್ಟಂತೆ ಚಿತ್ರದ ಮೇಲೆ ಚಿತ್ರವನ್ನಿಡುವ ಪದರಗಳು ಸೇರಿದವು. ಬೆಲೆಯಿಲ್ಲದೆ ದೊರೆಯುವ ಗಿಂಪ್ ಎಂಬುದು ೧೯೯೬ರಲ್ಲಿ ಜನರ ಕೈಸೇರಿತು.

ಅಭ್ಯಾಸಿಗಳಲ್ಲಿ ಬಳಕೆಯಲ್ಲಿರುವ ಒಂದು ಕ್ರಮವನ್ನು ನೋಡಬಹುದು. ಕಪ್ಪು ಬಿಳುಪಿನ ಮೋಡವೊಂದನ್ನು ಯಂತ್ರದಿಂದ ಮೂಡಿಸುವುದು ಮೊದಲ ಹೆಜ್ಜೆ. ಬಳಿಕ ಅದನ್ನು ಒರಟಾದ ಕಣಗಳಾಗಿ ಒಡೆದು, ನಡುವಿನಿಂದ ಹೊರಕ್ಕೆ ಎಳೆದಂತೆ ಮಸುಕಾಗಿಸಿದರೆ, ಕಣಗಳು ಸೂರ್ಯಕಿರಣಗಳಂತೆ ಚಾಚಿಕೊಳ್ಳುತ್ತವೆ. ಅನಂತರ ಬಣ್ಣವನ್ನೂಡಿ, ಅದರ ಪ್ರತಿಯೊಂದನ್ನು ಮೇಲಿನ ಪದರದಲ್ಲಿಟ್ಟು, ಒಂದನ್ನು ಬಲಕ್ಕೂ ಇನ್ನೊಂದನ್ನು ಎಡಕ್ಕೂ ಸುರುಳಿಯಾಗಿ ತಿರುಚುವರು. ಎರಡರಲ್ಲಿ ಹೆಚ್ಚು ಬೆಳಗುವ ಬೆಲೆಯೇ ಉಳಿಯುವಂತೆ ಪದರಗಳನ್ನು ಬೆರೆಸಿದಾಗ, ರೇಷ್ಮೆಯ ಎಳೆಗಳನ್ನು ಹೆಣೆದಂತಹ ಪ್ರಭೆಯೊಂದು ಕಾಣಿಸಿಕೊಳ್ಳುತ್ತದೆ. ಒಂದರಿಂದ ಇನ್ನೊಂದನ್ನು ಕಳೆದು ಬೆರೆಸುವ ಕ್ರಮವೂ ಉಂಟು. ಆಗ ಒಂದೇ ತೆರನಾದ ಎರಡು ಪದರಗಳು ಕೂಡಿದರೆ ಸಂಪೂರ್ಣ ಕಪ್ಪು. ಒಂದನ್ನು ಕೂದಲೆಳೆಯಷ್ಟು ಸರಿಸಿದರೆ ಅಂಚುಗಳೆಲ್ಲ ಉರಿಯತೊಡಗುತ್ತವೆ.

ಇಷ್ಟನ್ನು ಯಾರು ಮಾಡಿದರೂ ಫಲವು ಹೆಚ್ಚುಕಡಮೆ ಒಂದೇ. ಆದುದರಿಂದ ಕ್ರಮವೇ ಕಲೆಯಲ್ಲವೆಂಬ ಹಿರಿಯರ ಮಾತಿನಲ್ಲಿ ಸತ್ಯವಿದೆ. ಕಾವ್ಯಕ್ಕೆ ಶಕ್ತಿ, ನಿಪುಣತೆ, ಅಭ್ಯಾಸಗಳು ಕೂಡಿಯೇ ಕಾರಣವೆಂದು ಮಮ್ಮಟನು ಹೇಳಿದನು. ಯಂತ್ರವು ಅಭ್ಯಾಸದ ಹೊರೆಯನ್ನಷ್ಟೇ ಇಳಿಸುತ್ತದೆ. ಉಳಿದೆರಡನ್ನು ಸಾಲವಾಗಿಯೂ ಕೊಡಲಾರದು. ಸುರುಳಿಯು ಎಲ್ಲಿ ನಿಲ್ಲಬೇಕು, ಯಾವ ಬಣ್ಣವು ಅಡಗಬೇಕು, ಎಷ್ಟು ಭಾಗವು ಬರಿದಾಗಿರಬೇಕು ಎಂಬುದನ್ನು ಗುಂಡಿಯೊತ್ತಿ ತಿಳಿಯಲಾಗದು.

ಈ ತಿಳಿವು ಎಲ್ಲಿಂದ ಬರಬೇಕು? ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ಮಾರ್ಕಂಡೇಯನು ವಜ್ರನಿಗೆ, ನೃತ್ತಶಾಸ್ತ್ರವನ್ನರಿಯದೆ ಚಿತ್ರಶಾಸ್ತ್ರವನ್ನರಿಯುವುದು ಕಷ್ಟವೆಂದು ಉಪದೇಶಿಸುತ್ತಾನೆ. ಮುಖವೂ ಮರವೂ ಇರುವ ಚಿತ್ರವು ಹೋಲಿಕೆಯ ಬಲದಿಂದಲಾದರೂ ನಿಲ್ಲಬಹುದು. ಆಕಾರವಿಲ್ಲದ ಚಿತ್ರಕ್ಕೆ ಆ ಊರುಗೋಲಿಲ್ಲ. ಅದು ಲಯದಿಂದಲೇ ನಿಲ್ಲಬೇಕು. ಹಾಗಾಗಿ ಇಂತಹ ಚಿತ್ರವನ್ನು ರಚಿಸುವವನು ಶೋಧಕಗಳ ಹೆಸರುಗಳೊಡನೆ ಹೊಳೆಯ ಸುಳಿಯನ್ನೂ, ಹೊಗೆಯ ಏರಿಕೆಯನ್ನೂ, ನರ್ತಕಿಯ ನಿಲುವನ್ನೂ ನೋಡಿ ಕಲಿಯಬೇಕು.

ಮನೆಯ ಹಿರಿಯರು "ಇದೇನು?" ಎಂದು ಕೇಳುವ ಬದಲು, "ಇದನ್ನು ಇಲ್ಲಿಗೇ ಏಕೆ ನಿಲ್ಲಿಸಿದೆ?" ಎಂದು ಹುಡುಗನನ್ನು ಕೇಳುವುದು ಲೇಸು. ಅದಕ್ಕೆ ಅವನಲ್ಲಿ ಉತ್ತರವಿದ್ದರೆ, ಚಿತ್ರವು ಅವನದೇ ಸರಿ. ಉತ್ತರವಿಲ್ಲದಿದ್ದರೂ, ಮರುದಿನ ಅವನು ಆ ಪ್ರಶ್ನೆಯೊಡನೆಯೇ ತೆರೆಯ ಮುಂದೆ ಕುಳಿತಾನು; ಕಲಿಕೆಗೆ ಅಷ್ಟು ಸಾಕು.