ಸಿಗ್ನಲ್ ಇಲ್ಲದ ಊರಿಗೆ ಬಂದ ಫೈನ್

ನಮ್ಮೂರು ಹಿರೇಹಡಗಲಿಯಲ್ಲಿ ಟ್ರಾಫಿಕ್ ಸಿಗ್ನಲ್ ಇಲ್ಲ. ಆದರೂ ನಮ್ಮಪ್ಪನ ಹೆಸರಲ್ಲಿ ಏಳು ಸಿಗ್ನಲ್ ಜಂಪ್ ಕೇಸ್ ಇದ್ದವು. ಗೊತ್ತಾಗಿದ್ದು ಹಳೇ ಬೈಕ್ ಮಾರೋಕೆ ಹೊರಟಾಗ. ನೋಡೋಕೆ ಬಂದವರು ಮೊಬೈಲ್‌ನಲ್ಲಿ ಗಾಡಿ ನಂಬರ್ ಹಾಕಿ, "ಕಾಕಾ, 3,500 ರೂಪಾಯಿ ಫೈನ್ ಐತಲ್ರಿ" ಅಂದರಂತೆ. ಅಪ್ಪ ನನಗೆ ಫೋನ್ ಮಾಡಿದರು: "ಬೆಂಗಳೂರಾಗ ನಾನು ಗಾಡಿನೇ ಹೊಡೆದಿಲ್ಲ, ಸಿಗ್ನಲ್ ಹೆಂಗ ಹಾರಿದೆ ಅಂತಾರಲೇ?"

ಹಾರಿದ್ದು ಚಿಕ್ಕಪ್ಪನ ಮಗ. ಬೆಂಗಳೂರಲ್ಲಿ ಊಟದ ಡೆಲಿವರಿ ಕೆಲಸ ಮಾಡುವಾಗ ಎರಡು ವರ್ಷ ಬೈಕ್ ಅವನ ಹತ್ತಿರವೇ ಇತ್ತು. ಫೋಟೋ ತೆಗೆಸಿ ನೋಡಿದರೆ ಏಳರಲ್ಲಿ ಐದು ಒಂದೇ ಜಂಕ್ಷನ್‌ನವು, ರಾತ್ರಿ ಊಟದ ಹೊತ್ತಿನವು. ಬೆನ್ನ ಮೇಲಿನ ಚೀಲದ ಸಮೇತ ಅವನೇ. ವಾದ ಮಾಡೋಕೆ ಏನೂ ಉಳಿದಿರಲಿಲ್ಲ.

ನಾನು ಕ್ಯಾಮೆರಾ ಪರವೇ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 50 ಜಂಕ್ಷನ್‌ಗಳಲ್ಲಿ ಶುರುವಾದ ವ್ಯವಸ್ಥೆಯಲ್ಲಿ ನಂಬರ್ ಪ್ಲೇಟ್ ಓದುವ 250 ಕ್ಯಾಮೆರಾ, ಕೆಂಪು ದೀಪ ದಾಟುವವರನ್ನು ಹಿಡಿಯುವ 80 ಕ್ಯಾಮೆರಾ ಇದ್ದವು. ದೀಪ ಕೆಂಪಾದ ಮೇಲೆ ಗಾಡಿ ಸ್ಟಾಪ್ ಲೈನ್ ದಾಟಿದರೆ ಫೋಟೋ. ಪ್ಲೇಟ್ ಓದಿ, ಮಾಲೀಕರ ಹೆಸರು ಹುಡುಕಿ ಮೆಸೇಜ್. ನಡುವೆ ಯಾರಿಗೂ ಫೋನ್ ಹಚ್ಚುವ ಹಾಗಿಲ್ಲ. "ನಾನ್ಯಾರು ಗೊತ್ತಾ" ಅನ್ನೋ ಮಾತು ಲೆನ್ಸಿಗೆ ಕೇಳಿಸಲ್ಲ. ರಸ್ತೆಯಲ್ಲಿ ನಿಲ್ಲಿಸಿದಾಗ ದೊಡ್ಡವರ ಪರಿಚಯ ಇದ್ದವನು ಪಾರಾಗೋದು, ಡೆಲಿವರಿ ಹುಡುಗ ಸಿಕ್ಕಿಬೀಳೋದು ನಾವು ನೋಡದ್ದೇನಲ್ಲ. ಇಲ್ಲಿ ಇಬ್ಬರಿಗೂ 500 ರೂಪಾಯಿ. (ಆ 500 ಇಬ್ಬರಿಗೂ ಒಂದೇ ಅಲ್ಲ ಅನ್ನೋದು ಬೇರೆ ಮಾತು.)

ನನ್ನ ತಕರಾರು ಮೆಸೇಜಿನದು. ನಮ್ಮ ಕೆಲಸದಲ್ಲಿ ಸರ್ವರ್ ಬಿದ್ದಾಗ ಅಲರ್ಟ್ ಯಾರೂ ತೆರೆಯದ ಮೇಲ್‌ಬಾಕ್ಸಿಗೆ ಹೋದರೆ ಅದು ಅಲರ್ಟೇ ಅಲ್ಲ. ಕ್ಯಾಮೆರಾ ಕೇಸುಗಳಲ್ಲಿ 15 ದಿನದೊಳಗೆ ನೋಟಿಸ್ ಕಳಿಸಬೇಕು ಅಂತ 2021ರಲ್ಲೇ ಕೇಂದ್ರದ ನಿಯಮ ಬಂದಿದೆ. ಮೆಸೇಜ್ ಹೋಗೋದು ಆರ್‌ಸಿ ಜೊತೆ ಇರುವ ಮೊಬೈಲ್ ನಂಬರಿಗೆ. ನಮ್ಮ ಬೈಕಿನದು ಅಪ್ಪನ ಹಳೇ ಸಿಮ್, ಬಂದಾಗಿ ವರ್ಷಗಳಾಗಿವೆ. ನಾನಿರುವ ಬೀದಿಯಲ್ಲೇ ಕೆಎ-35ರ ನಾಲ್ಕು ಬೈಕ್ ಇವೆ. ಓಡಿಸೋರೆಲ್ಲ ನಮ್ಮ ಕಡೆ ಹುಡುಗರು. ಹೆಸರು, ನಂಬರ್ ಊರಲ್ಲಿರೋ ಅಪ್ಪಂದೋ ಮಾವಂದೋ.

ತಮ್ಮನಿಗೆ ಬೈಯೋಕೆ ಹೋದರೆ ಅವನೇ ಕೇಳಿದ: "ಮೊದಲನೇದು ಗೊತ್ತಾಗಿದ್ರ ಎರಡನೇದು ಹಾರತಿದ್ನೇನಣ್ಣ? 500 ರೂಪಾಯಿ ದುಡಿಯಾಕ ಎಷ್ಟು ಆರ್ಡರ್ ಬೇಕು ಗೊತ್ತೈತಾ?" ಆಪ್‌ನಲ್ಲಿ ನಿಮಿಷ ಇಳೀತಿರುತ್ತೆ, ಹಿಂದಿನವರು ಹಾರ್ನ್ ಹೊಡೀತಿರ್ತಾರೆ. ಅದು ಸಮರ್ಥನೆ ಅಲ್ಲ. ಆದರೂ ಅವನ ಮಾತು ನನಗೆ ನಿಜ ಅನ್ನಿಸಿತು. ಫೋಟೋ ಕ್ಷಣದಲ್ಲಿ ಬಿತ್ತು, ಸುದ್ದಿ ಮುಟ್ಟೋಕೆ ಎರಡು ವರ್ಷ. ಅಷ್ಟು ದಿನ ಆ ಜಂಕ್ಷನ್‌ನಲ್ಲಿ ರಸ್ತೆ ದಾಟಿದವರಿಗೆ ಆ ಕ್ಯಾಮೆರಾದಿಂದ ಏನು ಉಪಯೋಗ ಆಯ್ತು?

ಇದರ ಮೇಲೆ ರಿಯಾಯಿತಿ ಬೇರೆ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ 50% ಕಡಿತ ಕೊಟ್ಟಾಗ ಬೆಂಗಳೂರಲ್ಲಿ ಒಂಬತ್ತೇ ದಿನಕ್ಕೆ 100 ಕೋಟಿಗೂ ಹೆಚ್ಚು ಬಂತು. 2025ರ ಆಗಸ್ಟ್‌ನಲ್ಲಿ ಮತ್ತೆ ಕೊಟ್ಟರು. ಬಾಕಿ ಕರಗಿತು ನಿಜ, ಆದರೆ ಜನ ಕಲಿತದ್ದು ಕಾಯೋದನ್ನ. ಬೈಕ್ ನೋಡೋಕೆ ಬಂದವರೂ ಅಪ್ಪನಿಗೆ, "ಅರ್ಧ ಆಫರ್ ಬರತೈತಿ, ತಡೀರಿ" ಅಂದಿದ್ದರು.

ಅಪ್ಪ ತಡೀಲಿಲ್ಲ. ತಮ್ಮ 2,000 ಕಳಿಸಿದ, ಉಳಿದದ್ದು ಅಪ್ಪ ಹಾಕಿದರು. ಆ ವಾರವೇ ತಮ್ಮನ ಈಗಿನ ಗಾಡಿಯ ಆರ್‌ಸಿ ತರಿಸಿದೆ. ಅದು ಅವರ ಸೋದರಮಾವನ ಹೆಸರಲ್ಲಿದೆ. ಚಾಸಿ ನಂಬರ್, ಎಂಜಿನ್ ನಂಬರ್ ಹಾಕಿ ಪರಿವಾಹನ್ ವೆಬ್‌ಸೈಟ್‌ನಲ್ಲಿ ಮೊಬೈಲ್ ನಂಬರ್ ಬದಲಿಸೋಕೆ ಕೂತಿದ್ದೇವೆ. ಓಟಿಪಿಗಾಗಿ ಮಾವ ಹೊಲದಿಂದ ಮನೆಗೆ ಬರೋದನ್ನ ಕಾಯ್ತಿದ್ದೇವೆ.