ಖರ್ಚಿನ ಪುಸ್ತಕ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ‘ಗೆಳೆಯರ ಜೊತೆ ಪ್ರವಾಸ ಹೋಗಿ ನೋಡು’ ಎಂಬುದನ್ನು ಏಕೆ ಸೇರಿಸಲಿಲ್ಲವೋ ತಿಳಿಯದು. ಬಹುಶಃ ಆ ಕಾಲದಲ್ಲಿ ಕಾಶಿಗೆ ಹೊರಟವರು ಮರಳಿ ಬರುವ ಖಾತ್ರಿಯೇ ಇಲ್ಲದ್ದರಿಂದ ಲೆಕ್ಕ ಚುಕ್ತಾ ಮಾಡುವ ಪ್ರಸಂಗವೂ ಬರುತ್ತಿರಲಿಲ್ಲವೇನೋ. ಈಗ ಹಾಗಲ್ಲ. ಹೋದವರು ಹದಿನೈದು ದಿನಕ್ಕೆ ಮನೆ ಸೇರುತ್ತಾರೆ; ಸ್ನೇಹ ಮಾತ್ರ ಕೆಲವೊಮ್ಮೆ ದಾರಿಯಲ್ಲೇ ಉಳಿದುಬಿಡುತ್ತದೆ.

ಶಿವಮೊಗ್ಗದ ನಾಲ್ವರು ಗೆಳೆಯರು 2023ರ ನವೆಂಬರ್‌ನಲ್ಲಿ ಉತ್ತರ ಭಾರತಕ್ಕೆ ಹೊರಟರು. ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಈಗ ಎಲ್ಲರೂ ಅರವತ್ತೈದರ ಆಸುಪಾಸು. ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಪಾಠ ಹೇಳಿ ನಿವೃತ್ತರಾದವರು ಮೇಷ್ಟ್ರು. ರಸ್ತೆ, ಸೇತುವೆ ಕಟ್ಟಿಸಿದವರು ಪೀಡಬ್ಲ್ಯೂಡಿ. ಬ್ಯಾಂಕಿನಲ್ಲಿದ್ದವರು ಬರೀ ಬ್ಯಾಂಕು. ಖಾಸಗಿ ಮುದ್ರಣಾಲಯವೊಂದರಲ್ಲಿ 35 ವರ್ಷ ಕರಡು ತಿದ್ದಿದವರು ಪ್ರೂಫು.

ತಲೆಗೆ 12,000 ರೂಪಾಯಿಯಂತೆ 48,000 ರೂಪಾಯಿ ಸಾಮಾನ್ಯ ನಿಧಿ ಕೂಡಿತು. ಖಜಾಂಚಿ ಯಾರೆಂಬ ಚರ್ಚೆಯೇ ಬೇಕಿರಲಿಲ್ಲ. ಬ್ಯಾಂಕು ನೂರು ಪುಟದ ನೋಟ್‌ಬುಕ್ಕೊಂದನ್ನು ಕೊಂಡು, ಮೊದಲ ಪುಟದಲ್ಲಿ ಶ್ರೀ ಬರೆದು, ಕೆಳಗೆ ನಿಯಮಗಳನ್ನು ಬರೆದರು. ರೈಲು, ಛತ್ರ, ಊಟ, ಆಟೋ ಎಲ್ಲ ನಾಲ್ಕು ಸಮಪಾಲು. ನೋಡುವ ಜಾಗಗಳ ಟಿಕೆಟ್, ಕೊಳ್ಳುವ ಸಾಮಾನು ಅವರವರದು. ಇದಕ್ಕಿಂತ ನ್ಯಾಯ ಇನ್ನೇನಿದೆ ಎಂದು ಎಲ್ಲರೂ ಒಪ್ಪಿದರು. ರೈಲಿನಲ್ಲಿ ಹಿರಿಯ ನಾಗರಿಕರಿಗೆ, ಗಂಡಸರಾದರೆ ಶೇ. 40ರಷ್ಟು ಸಿಗುತ್ತಿದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತುಹೋದದ್ದನ್ನು ನೆನೆದು ನಾಲ್ವರೂ ಒಟ್ಟಾಗಿ ನಿಟ್ಟುಸಿರಿಟ್ಟರು. ಆ ನಿಟ್ಟುಸಿರು ಮಾತ್ರ ಸಮಪಾಲಾಗಿರಲಿಲ್ಲ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ, ಒಂದು ಹಗಲು. ಚಪಾತಿ, ಶೇಂಗಾ ಚಟ್ನಿಪುಡಿ, ಕೋಡುಬಳೆ ಮುಗಿಯುವವರೆಗೆ ಸ್ವರ್ಗ. ವಾಡಿ, ಸೊಲ್ಲಾಪುರ, ಮನ್ಮಾಡ್, ಭೋಪಾಲ್ ದಾಟಿ ಆಗ್ರಾದಲ್ಲಿ ಇಳಿದಾಗ ಚಳಿ ಕಚ್ಚುತ್ತಿತ್ತು.

ತಾಜ್‌ಮಹಲಿನ ಪ್ರವೇಶಕ್ಕೆ ಭಾರತೀಯರಿಗೆ 50 ರೂಪಾಯಿ. ಆದರೆ ಮುಖ್ಯ ಗೋರಿಯ ಕಟ್ಟೆ ಹತ್ತಿ ಒಳಗೆ ಹೋಗಬೇಕಾದರೆ 2018ರ ಡಿಸೆಂಬರ್‌ನಿಂದ ಮತ್ತೆ 200 ರೂಪಾಯಿ ಕೊಡಬೇಕು. ಮೂವರು ಕೊಟ್ಟರು. ಪ್ರೂಫು ಮಾತ್ರ, “ದೂರದಿಂದ ನೋಡೋದೇ ಚೆಂದ, ನನಗೆ ಮೊಣಕಾಲು ನೋವು, ನೀವು ಹೋಗಿ ಬನ್ನಿ” ಎಂದು ಕಲ್ಲು ಬೆಂಚಿನಲ್ಲಿ ಕುಳಿತರು.

“ಎರಡು ಸಾವಿರ ಕಿಲೋಮೀಟರ್ ಬಂದು 200 ರೂಪಾಯಿಗೆ ಹಿಂದೆ ಮುಂದೆ ನೋಡ್ತೀಯಲ್ಲೋ ಮಾರಾಯ! ಷಹಜಹಾನ್ ಲೆಕ್ಕ ನೋಡಿದ್ದರೆ ಇದು ಆಗ್ತಿತ್ತಾ?” ಎಂದರು ಪೀಡಬ್ಲ್ಯೂಡಿ. ಹೇಳಿದ್ದು ತಮಾಷೆಗೆ. ಎಲ್ಲರೂ ನಕ್ಕರು. ಪ್ರೂಫು ಕೂಡ ನಕ್ಕರು. ಆದರೆ ಆಮೇಲೆ ದೆಹಲಿ ತಲುಪುವವರೆಗೆ ಕಿಟಕಿಯ ಆಚೆಯೇ ನೋಡುತ್ತಾ ಕುಳಿತರು. ದೆಹಲಿಯ ಎರಡು ದಿನವೂ ಹಾಗೆಯೇ. ಕೆಂಪುಕೋಟೆಯನ್ನು ಹೊರಗಿನಿಂದ ನೋಡಿದರು. ಇಂಡಿಯಾ ಗೇಟಿನ ಹುಲ್ಲಿನ ಮೇಲೆ ಮಾತ್ರ ಎಲ್ಲರಿಗಿಂತ ಹೆಚ್ಚು ಹೊತ್ತು ಕುಳಿತರು.

ಹರಿದ್ವಾರದಲ್ಲಿ ಬೇರೆಯೇ ಲೆಕ್ಕದ ಪುಸ್ತಕವೊಂದು ಕಣ್ಣಿಗೆ ಬಿತ್ತು. ಅಲ್ಲಿನ ಪಂಡರ ಬಳಿ ‘ವಹಿ’ಗಳೆಂಬ ಉದ್ದನೆಯ ಪುಸ್ತಕಗಳಿವೆ. ಯಾವ ಊರಿನ ಯಾವ ಮನೆತನದವರು ಯಾವಾಗ ಬಂದರು, ಅವರ ತಂದೆ ಯಾರು, ತಾತ ಯಾರು, ಎಲ್ಲವೂ ಅದರಲ್ಲಿ ತಲೆಮಾರುಗಳಿಂದ ದಾಖಲಾಗುತ್ತಾ ಬಂದಿದೆ. ಉತ್ತರದ ಯಾವುದೋ ಹಳ್ಳಿಯ ಕುಟುಂಬವೊಂದು ತಮ್ಮ ಮುತ್ತಜ್ಜನ ಹೆಸರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿತ್ತು. ಪ್ರೂಫು ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ. “ಎಷ್ಟು ಕೈಬರಹ ನೋಡೋ! ಯಾರು ಎಷ್ಟು ಕೊಟ್ಟರು ಅನ್ನೋದಕ್ಕಿಂತ ಯಾರು ಬಂದಿದ್ದರು ಅನ್ನೋದು ಮುಖ್ಯ ಇಲ್ಲಿ” ಎಂದರು. ಆಗ್ರಾ ಬಿಟ್ಟ ಮೇಲೆ ಅವರು ಆಡಿದ ಅತಿ ದೊಡ್ಡ ಮಾತು ಅದು.

ಮರುದಿನ ಮನಸಾದೇವಿಯ ಬೆಟ್ಟ. ಮೇಲಕ್ಕೆ ರೋಪ್‌ವೇ ಇದೆ. ಪ್ರೂಫು ಮತ್ತೆ ಮೊಣಕಾಲು ನೋವೆಂದು ಕೆಳಗೇ ಉಳಿದರು. ಅಂದು ರಾತ್ರಿ ಧರ್ಮಶಾಲೆಯಲ್ಲಿ ಲೆಕ್ಕ ಬರೆಯುತ್ತಿದ್ದ ಬ್ಯಾಂಕಿನ ಪೆನ್ನು ನಿಂತಿತು. ಮೊಣಕಾಲು ನೋವಿರುವವರಿಗಾಗಿಯೇ ಅಲ್ಲವೇ ರೋಪ್‌ವೇ ಇರುವುದು? ನೋವಿದ್ದ ಮನುಷ್ಯ ದಿನಾ ಸಂಜೆ “ಆಟೋ ಯಾಕೆ, ನಡೆದೇ ಹೋಗೋಣ” ಎನ್ನುವುದೇಕೆ? ಹಿಂದಿನ ಪುಟಗಳನ್ನು ತಿರುವಿದರು. ಮಧ್ಯಾಹ್ನದ ಊಟ ನಾಲ್ಕರ ಜಾಗದಲ್ಲಿ ಮೂರು. “ಹೊಟ್ಟೆ ಸರಿಯಿಲ್ಲ” ಎಂದದ್ದು ನೆನಪಾಯಿತು. ಚಹಾ ಮೂರು. ಮತ್ತೆ ಮೂರು. ಹತ್ತು ದಿನಗಳಿಂದ ತಾವೇ ಬರೆದ ಪುಸ್ತಕವನ್ನು ಬ್ಯಾಂಕು ಓದಿದ್ದು ಅಂದೇ ಮೊದಲು.

ಮೂವರಿಗೂ ತಿಂಗಳು ಹುಟ್ಟಿದರೆ ಸರ್ಕಾರಿ ಅಥವಾ ಬ್ಯಾಂಕ್ ಪಿಂಚಣಿ. ಪ್ರೂಫಿಗೆ ಬರುವುದು ಭವಿಷ್ಯನಿಧಿಯ ಪಿಂಚಣಿ. ಅದರ ಕನಿಷ್ಠ ಮೊತ್ತವನ್ನು 2014ರಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿ ಮಾಡಲಾಗಿತ್ತು; ಅವರ ಕೈಗೆ ಬರುವುದು ಅದಕ್ಕಿಂತ ಬಹಳ ಹೆಚ್ಚೇನಲ್ಲ. ಇದು ಯಾರಿಗೂ ಗೊತ್ತಿಲ್ಲದ ವಿಷಯವಾಗಿರಲಿಲ್ಲ. ಗೊತ್ತಿದ್ದೂ ಯಾರೂ ಯೋಚಿಸಿರಲಿಲ್ಲ, ಅಷ್ಟೆ. ಸಮಪಾಲು ಎಂಬ ಮಾತು ಕೇಳಲು ಎಷ್ಟು ನ್ಯಾಯವಾಗಿರುತ್ತದೆಯೆಂದರೆ, ಅದು ಯಾರ ಹೆಗಲಿಗೆ ಎಷ್ಟು ಭಾರವೆಂದು ತೂಗಿ ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ.

ಕಾಶಿಯಲ್ಲಿ ಬ್ಯಾಂಕು ಹೊಸ ನಿಯಮ ಹೊರಡಿಸಿದರು. “ಚಿಲ್ಲರೆ ಲೆಕ್ಕ ಬರೆದೂ ಬರೆದೂ ನನಗೆ ಸಾಕಾಯ್ತು ಕಣ್ರೋ. ಇನ್ನು ದೋಣಿ, ಟಿಕೆಟ್ಟು, ಚಹಾ ಎಲ್ಲಾ ಸಾಮಾನ್ಯ ನಿಧಿಯಿಂದಲೇ.” ಮೇಷ್ಟ್ರು ತಟ್ಟನೆ ಒಪ್ಪಿದರು. ಪೀಡಬ್ಲ್ಯೂಡಿಗೆ ಏನೋ ಹೊಳೆದಿರಬೇಕು. ಏನೂ ಹೇಳದೆ ಪ್ರೂಫಿನ ಕೈಚೀಲವನ್ನು ತಾವು ಹೊತ್ತರು. ಮುಂಜಾನೆಯ ದೋಣಿಯಲ್ಲಿ ನಾಲ್ವರೂ ಕುಳಿತರು. ಗಂಗೆ ಕಾಶಿಯಲ್ಲಿ ಉತ್ತರಕ್ಕೆ ಹರಿಯುತ್ತಾಳೆ, ಘಾಟ್‌ಗಳೆಲ್ಲ ಪೂರ್ವಕ್ಕೆ ಮುಖ ಮಾಡಿವೆ. ಹೀಗಾಗಿ ಮೊದಲ ಬಿಸಿಲು ನೇರವಾಗಿ ಮೆಟ್ಟಿಲುಗಳ ಮೇಲೆಯೇ ಬೀಳುತ್ತದೆ. ಕರ್ನಾಟಕ ಘಾಟ್ ಕಂಡಾಗ ಪ್ರೂಫು ಮಗುವಿನಂತೆ ಕೈ ತೋರಿಸಿದರು. ಮೊಣಕಾಲಿನ ಮಾತು ಬರಲೇ ಇಲ್ಲ.

ವಾಪಸು ಬರುವಾಗ ಸಂಘಮಿತ್ರಾ ಎಕ್ಸ್‌ಪ್ರೆಸ್ಸಿನಲ್ಲಿ ಬ್ಯಾಂಕು ಲೆಕ್ಕ ಮುಗಿಸಿದರು. ಒಟ್ಟು ಖರ್ಚು 44,000. ತಲೆಗೆ 1,000 ರೂಪಾಯಿ ವಾಪಸು. ದುಡ್ಡು ಎಣಿಸಿಕೊಟ್ಟು ಪುಸ್ತಕವನ್ನು ಎಲ್ಲರ ಕೈಗೂ ಕೊಟ್ಟರು. ಇಬ್ಬರು ತೆರೆಯಲೇ ಇಲ್ಲ. ಆದರೆ 35 ವರ್ಷ ಪರರ ತಪ್ಪು ಹುಡುಕಿಯೇ ಅನ್ನ ಉಂಡವರು ಸುಮ್ಮನಿರುವುದುಂಟೆ? ಪ್ರೂಫು ಜೇಬಿನಿಂದ ಪೆನ್ಸಿಲ್ ತೆಗೆದರು. ಕಾಶಿಯ ಪುಟದಲ್ಲಿ ಪೆನ್ಸಿಲ್ ನಿಂತಿತು. ಕೂಡಿದರೆ 8,750 ಬರಬೇಕಾದ ಕಡೆ 5,350 ಎಂದಿತ್ತು. ಬ್ಯಾಂಕಿನಲ್ಲಿ ಜೀವಮಾನ ಕಳೆದ ಮನುಷ್ಯ 3,400 ರೂಪಾಯಿ ತಪ್ಪಿ ಕೂಡಿಸಿದ್ದರು!

ಪ್ರೂಫು 5,350ನ್ನು ಹೊಡೆದು, ಅಂಚಿನಲ್ಲಿ 8,750 ಎಂದು ಬರೆದರು. ಎದುರಿನ ಸೀಟಿನಲ್ಲಿ ಬ್ಯಾಂಕು ನಿದ್ದೆ ಬಂದವರಂತೆ ಕಣ್ಣು ಮುಚ್ಚಿದ್ದರು. ನಾಗಪುರ ಬಂದು ಹೋಯಿತು. ಆಮೇಲೆ ಪ್ರೂಫು ಅಂಚಿನ ಅಂಕಿಯನ್ನು ತಾವೇ ಹೊಡೆದುಹಾಕಿ, 5,350ರ ಕೆಳಗೆ ನಾಲ್ಕು ಚುಕ್ಕೆ ಇಟ್ಟು, ಪುಸ್ತಕವನ್ನು ಮಡಚಿ ಹಿಂದಕ್ಕೆ ಕೊಟ್ಟರು.

ಆ ಚುಕ್ಕೆಗಳ ಅರ್ಥ ಬ್ಯಾಂಕಿಗೆ ತಿಳಿಯಲಿಲ್ಲ. ಊರಿಗೆ ಬಂದ ಮೇಲೆ ಮೇಷ್ಟ್ರಿಗೆ ತೋರಿಸಿದರು. ಶಾಲೆಯ ವಾರ್ಷಿಕ ಸಂಚಿಕೆಯ ಕರಡು ನೋಡಿ ಅಭ್ಯಾಸವಿದ್ದ ಮೇಷ್ಟ್ರು ಒಂದು ಗಳಿಗೆ ಸುಮ್ಮನಿದ್ದು ಹೇಳಿದರು: “ಹೊಡೆದದ್ದನ್ನು ತೆಗೆಯಬೇಡಿ, ‘ಹಾಗೇ ಇರಲಿ’ ಅಂತ ಇದರ ಅರ್ಥ.”

ನಾಲ್ವರೂ ಮತ್ತೆ ಸೇರಿದಾಗ ಈ ಬಗ್ಗೆ ಯಾರೂ ಮಾತೆತ್ತಲಿಲ್ಲ. ಮುಂದೆ ಗುಜರಾತಿನ ಕಡೆ ಹೋಗುವ ಮಾತು ಬಂತು. ಬ್ಯಾಂಕು ಹೊಸ ನೋಟ್‌ಬುಕ್ ತಂದಿದ್ದರು. ಅದನ್ನು ಪ್ರೂಫಿನ ಮುಂದೆ ತಳ್ಳಿ, “ಈ ಸಲ ಲೆಕ್ಕ ನೀನೇ ಬರಿ ಮಾರಾಯ, ನನ್ನ ಕೂಡಿಸೋದು ಸರಿಯಿಲ್ಲ” ಎಂದರು.