ವರಕ್ಕೂ ಬೇಕು ರಸೀದಿ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಕಟ್ಟಿದವರು ‘ಸಬ್ಸಿಡಿ’ ಎಂಬ ಮಾತನ್ನು ಕೇಳಿರಲಾರರು. ಆದರೂ ಸರ್ಕಾರದ ರಿಯಾಯಿತಿಗಾಗಿ ಒಮ್ಮೆಯಾದರೂ ಅರ್ಜಿ ಹಿಡಿದು ನಿಂತವರಿಗೆ ಈ ಗಾದೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಅನುಭವದಲ್ಲಿ ಈ ಪೂಜಾರಿ ಅಷ್ಟೇನೂ ಕೆಟ್ಟವನಲ್ಲ. ಅವನು ಕೇಳುವುದು ಮೂರೇ ಪ್ರಶ್ನೆ: ತಾರೀಖು ಯಾವುದು? ಬಿಲ್ಲು ಯಾರ ಹೆಸರಿನಲ್ಲಿದೆ? ಗೋಡೆ ಯಾರದು? ಉತ್ತರ ಸರಿಯಿದ್ದವರಿಗೆ ಪ್ರಸಾದ, ಇಲ್ಲದವರಿಗೆ ಬರಿಯ ಮಂಗಳಾರತಿ. ಮನೆಯಲ್ಲೇ ಚಾರ್ಜ್ ಮಾಡುವ ಒಂದು ವಿದ್ಯುತ್ ಸ್ಕೂಟರಿನ ನೆಪದಲ್ಲಿ ನಾನೂ ನನ್ನ ಮಗಳೂ ಈ ಪಾಠವನ್ನು ಕಲಿತೆವು.

2022ರಲ್ಲಿ ಮಗಳು ಬಿ.ಎಸ್‌ಸಿ. ಸೇರಿದಳು. ನಾವಿರುವುದು ಮೈಸೂರಿನ ಅಂಚಿನ ಒಂದು ಬಡಾವಣೆಯಲ್ಲಿ, ಬಾಡಿಗೆ ಮನೆಯ ಮಹಡಿಯ ಮೇಲೆ. ಕಾಲೇಜು ಹತ್ತು ಕಿಲೋಮೀಟರ್ ದೂರ. ಎರಡು ಬಸ್ಸು ಹತ್ತಿಳಿಯಬೇಕು. ಪ್ರಾಕ್ಟಿಕಲ್ ಇದ್ದ ದಿನ ಅವಳು ಮನೆ ಸೇರುವ ಹೊತ್ತಿಗೆ ಏಳೂವರೆ. ಹಾಸ್ಟೆಲಿಗೆ ಸೇರಿಸುವಷ್ಟು ಅನುಕೂಲ ನಮಗಿರಲಿಲ್ಲ. ಹತ್ತಿರದ ಕಾಲೇಜಿನಲ್ಲಿ ಅವಳಿಗೆ ಬೇಕಾದ ವಿಷಯವಿರಲಿಲ್ಲ. ಗಾಡಿಯೊಂದಿದ್ದರೆ ಓದು ಮುಂದುವರಿಯುತ್ತದೆ, ಇಲ್ಲದಿದ್ದರೆ ವಿಷಯ ಬದಲಾಯಿಸಬೇಕು ಎಂಬಲ್ಲಿಗೆ ಮಾತು ಬಂದು ನಿಂತಿತು. ಪೆಟ್ರೋಲ್ ಲೀಟರಿಗೆ ನೂರು ದಾಟಿದ್ದರಿಂದ ನಮ್ಮವರು, “ಗಾಡಿ ಕೊಡಿಸಬಹುದು, ಅದಕ್ಕೆ ದಿನಾ ಕುಡಿಸೋದು ಯಾರು?” ಎಂದರು. “ಕರೆಂಟ್ ಕುಡಿಸೋಣ ಬಿಡಪ್ಪ” ಎಂದಳು ಮಗಳು.

ಅಂಗಡಿಗೆ ಹೋದೆವು. ಕೇಂದ್ರ ಸರ್ಕಾರ 2019ರ ಏಪ್ರಿಲ್ 1ರಿಂದ ಜಾರಿಗೆ ತಂದ ‘ಫೇಮ್’ ಯೋಜನೆಯ ಎರಡನೆಯ ಹಂತ ಆಗ ನಡೆಯುತ್ತಿತ್ತು. 2021ರ ಜೂನ್‌ನಲ್ಲಿ ಅದರ ಸಹಾಯಧನವನ್ನು ಬ್ಯಾಟರಿಯ ಪ್ರತಿ ಕಿಲೋವಾಟ್ ಅವರ್‌ಗೆ 15,000 ರೂಪಾಯಿಗೆ ಏರಿಸಲಾಗಿತ್ತು. ವಿದ್ಯಾರ್ಥಿಗಳಿಗೆ ಗೊತ್ತಿರಲಿ, ಈ ಕಿಲೋವಾಟ್ ಅವರ್ ಬೇರೇನೂ ಅಲ್ಲ, ನಮ್ಮ ಕರೆಂಟ್ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್. ನಾವು ನೋಡಿದ ಸ್ಕೂಟರಿನ ಬ್ಯಾಟರಿ ಮೂರು ಯೂನಿಟ್ಟಿನದು. ಎಂದರೆ 45,000 ರೂಪಾಯಿ ರಿಯಾಯಿತಿ. ಇದಕ್ಕೆ ನಾವು ಅರ್ಜಿ ಹಾಕಬೇಕಾಗಿರಲಿಲ್ಲ. ಅಂಗಡಿಯವರು ಬೆಲೆಯಲ್ಲೇ ಕಳೆದುಕೊಡುತ್ತಿದ್ದರು, ಕಂಪನಿ ಅದನ್ನು ಸರ್ಕಾರದಿಂದ ಪಡೆದುಕೊಳ್ಳುತ್ತಿತ್ತು.

ಆದರೆ ಬಿಲ್ಲು ಮಾಡುವಾಗ ಒಂದರ ಬದಲು ಎರಡು ಕಾಗದ ಬಂದವು. ಸ್ಕೂಟರಿಗೆ ಒಂದು, ಚಾರ್ಜರಿಗೆ ಒಂದು. ಚಾರ್ಜರಿನ ಬೆಲೆ ಒಂಬತ್ತು ಸಾವಿರ ಚಿಲ್ಲರೆ. “ಇದೇಕಪ್ಪ ಬೇರೆ?” ಎಂದು ಕೇಳಿದೆ. “ಅದು ಬೇರೆ ಸಾಮಾನು ಮೇಡಂ, ಬೇಕಾದವರು ತಗೋಬಹುದು” ಎಂದ ಹುಡುಗ. ಚಾರ್ಜರ್ ಇಲ್ಲದ ವಿದ್ಯುತ್ ಸ್ಕೂಟರೆಂದರೆ ಒನಕೆಯಿಲ್ಲದ ಒರಳು! ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಗಣಿತ ಹೇಳಿದವಳಿಗೆ ಲೆಕ್ಕ ಒಡೆದು ಬರೆದ ಕಡೆ ಕಣ್ಣು ತಾನಾಗಿ ನಿಲ್ಲುತ್ತದೆ. ಎರಡು ಬಿಲ್ಲಿಗೂ ಮೊಹರು ಹಾಕಿಸಿಕೊಂಡು, ಮಗಳ ಅಂಕಪಟ್ಟಿಗಳಿರುವ ಫೈಲಿನಲ್ಲೇ ಸೇರಿಸಿದೆ.

ಗಾಡಿ ಬರುವ ಮುಂಚೆ ಅದಕ್ಕೊಂದು ಪ್ಲಗ್ ಪಾಯಿಂಟ್ ಆಗಬೇಕಿತ್ತು. ನಮ್ಮ ಮನೆ ಮಾಲೀಕರು ನಿವೃತ್ತ ಮೇಷ್ಟ್ರು, ಒಳ್ಳೆಯವರು. ಆದರೆ ಆ ವರ್ಷದ ಬೇಸಿಗೆಯಲ್ಲಿ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿಕೊಂಡ ಸುದ್ದಿಗಳನ್ನು ಪತ್ರಿಕೆಯಲ್ಲಿ ಒಂದೂ ಬಿಡದೆ ಓದಿದ್ದರು. “ಗೋಡೆ ಕೊರೆಯೋದೂ ಬೇಡ, ರಾತ್ರಿಯೆಲ್ಲ ನಾನು ಎದ್ದು ಕೂತಿರೋದೂ ಬೇಡ ಕಣಮ್ಮ” ಎಂದುಬಿಟ್ಟರು. ಅವರ ಹೆದರಿಕೆ ಸುಳ್ಳಲ್ಲ. ಅವರದು ಜೀವಮಾನದ ದುಡಿಮೆಯಲ್ಲಿ ಕಟ್ಟಿಸಿದ ಮನೆ. ಮಗಳು ಒಂದು ಹಾಳೆಯಲ್ಲಿ ಷರತ್ತುಗಳನ್ನು ಬರೆದುಕೊಂಡು ಅವರ ಮುಂದೆ ಇಟ್ಟಳು. ಮೆಟ್ಟಿಲ ಕೆಳಗೆ ಚಾರ್ಜ್ ಮಾಡುವುದಿಲ್ಲ, ಗಾಳಿಯಾಡುವ ಪೋರ್ಟಿಕೋದಲ್ಲಿ ಮಾತ್ರ. ವೈರು ಹೊಸದು, ನಮ್ಮ ಮೀಟರಿನಿಂದಲೇ ಇಳಿಯುವುದು. ಹದಿನಾರು ಆಂಪ್ಸ್ ಪಾಯಿಂಟಿಗೆ ಪ್ರತ್ಯೇಕ ಎಂ.ಸಿ.ಬಿ. ಮತ್ತು ಸರಿಯಾದ ಅರ್ಥಿಂಗ್. ರಾತ್ರಿ ಹತ್ತರ ನಂತರ ಚಾರ್ಜ್ ಇಲ್ಲ. ಮನೆ ಬಿಡುವಾಗ ಪಾಯಿಂಟನ್ನು ಕಿತ್ತುಕೊಂಡು ಹೋಗುವುದಿಲ್ಲ. ಮೇಷ್ಟ್ರು ಎರಡು ದಿನ ಇಟ್ಟುಕೊಂಡು ಓದಿ, ಒಂದು ಕಾಗುಣಿತದ ತಪ್ಪು ತಿದ್ದಿ, ಸಹಿ ಹಾಕಿಕೊಟ್ಟರು.

ವೈರ್‌ಮನ್‌ನ ಕೂಲಿ, ವೈರು, ಪೈಪು, ಅರ್ಥಿಂಗ್ ಎಲ್ಲ ಸೇರಿ ಐದು ಸಾವಿರದ ಮೇಲಾಯಿತು. ಇದಕ್ಕೇನಾದರೂ ಸಹಾಯಧನ ಉಂಟೇ ಎಂದು ವಿಚಾರಿಸಿದೆ. ನಮ್ಮ ರಾಜ್ಯ 2017ರಲ್ಲೇ ವಿದ್ಯುತ್ ವಾಹನ ನೀತಿ ತಂದಿತ್ತು, ನಿಜ. ಆದರೆ ಚಾರ್ಜಿಂಗ್ ಮಟ್ಟಿಗೆ ಅದರ ಧನಸಹಾಯ ಹೊರಟಿದ್ದು ಸಾರ್ವಜನಿಕ ಕೇಂದ್ರಗಳ ಕಡೆಗೆ. ನಮ್ಮಂಥವರ ಪೋರ್ಟಿಕೋದ ಕಡೆಗಲ್ಲ. ದೆಹಲಿಯಲ್ಲಿರುವ ನನ್ನ ತಮ್ಮ ಫೋನಿನಲ್ಲಿ ನಕ್ಕ. ಅಲ್ಲಿನ ಸರ್ಕಾರ 2020ರ ಆಗಸ್ಟ್‌ನಲ್ಲಿ ತಂದ ನೀತಿಯಲ್ಲಿ ಮೊದಲ 30,000 ಚಾರ್ಜಿಂಗ್ ಪಾಯಿಂಟುಗಳಿಗೆ ತಲಾ 6,000 ರೂಪಾಯಿವರೆಗೆ ಸಹಾಯಧನ ಇಟ್ಟಿತ್ತು. 2021ರ ನವೆಂಬರ್‌ನಿಂದ ವಿದ್ಯುತ್ ಕಂಪನಿಗಳ ಮೂಲಕವೇ ಅರ್ಜಿ; ಚಾರ್ಜರ್ ಆರಿಸಿ, ಸಹಾಯಧನ ಕಳೆದು ಉಳಿದ ಹಣ ಕಟ್ಟಿದರೆ ಅವರೇ ಬಂದು ಕೂರಿಸುತ್ತಿದ್ದರು. “ನನ್ನದು ಸ್ವಂತ ಫ್ಲ್ಯಾಟು, ಅದಕ್ಕೇ ಸಲೀಸಾಯ್ತು ಅಕ್ಕ” ಎಂಬ ಮಾತನ್ನೂ ಅವನು ಸೇರಿಸಿದ. ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು.

ಬಾಡಿಗೆಯವರ ಈ ತೊಡಕು ನಮ್ಮೂರಿನದೊಂದೇ ಅಲ್ಲ. ಬ್ರಿಟನ್ನಿನಲ್ಲಿ ಮನೆಯ ಚಾರ್ಜರಿಗೆ ಹಲವು ವರ್ಷ ಅನುದಾನ ಕೊಡುತ್ತಿದ್ದರು. ಸ್ವಂತದ ಒಂಟಿ ಮನೆಯಲ್ಲಿರುವವರಿಗೆ ಅದನ್ನು 2022ರ ಮಾರ್ಚ್ 31ಕ್ಕೆ ನಿಲ್ಲಿಸಿ, ಮರುದಿನದಿಂದ ಬಾಡಿಗೆದಾರರಿಗೂ ಫ್ಲ್ಯಾಟುಗಳಲ್ಲಿರುವವರಿಗೂ ಖರ್ಚಿನ ಮುಕ್ಕಾಲು ಪಾಲು, ಹೆಚ್ಚೆಂದರೆ 350 ಪೌಂಡ್ ಎಂದು ಗೊತ್ತುಮಾಡಿದರು. ಗೋಡೆಯಿದ್ದವನಿಗೆ ದಾರಿ ತಾನಾಗಿ ಆಗುತ್ತದೆ, ಇಲ್ಲದವನಿಗೇ ಕೈ ಆಸರೆ ಬೇಕು ಎಂಬುದು ಅಲ್ಲಿ ನಿಯಮವಾಗಿ ಬಂತು. ಇಲ್ಲಿ ನಮಗೆ ಆಸರೆಯಾದದ್ದು ಮೇಷ್ಟ್ರ ಸಹಿ.

ಇನ್ನು ಎರಡು ಬಿಲ್ಲಿನ ಕಥೆ. ‘ಫೇಮ್’ ಸಹಾಯಧನ ಸಿಗಬೇಕಾದರೆ ದ್ವಿಚಕ್ರ ವಾಹನದ ಕಾರ್ಖಾನೆ ಬೆಲೆ ಒಂದೂವರೆ ಲಕ್ಷ ಮೀರಬಾರದೆಂಬ ಷರತ್ತಿತ್ತು. ಕೆಲವು ಕಂಪನಿಗಳು ಚಾರ್ಜರನ್ನು ಬೇರೆ ಸಾಮಾನೆಂದು ತೋರಿಸಿ ಬೆಲೆಯನ್ನು ಆ ಗೆರೆಯ ಒಳಗಿಟ್ಟುಕೊಂಡಿದ್ದವು. ಭಾರಿ ಕೈಗಾರಿಕೆ ಸಚಿವಾಲಯ ಇದನ್ನು ಪ್ರಶ್ನಿಸಿತು. 2023ರ ಮೇ ತಿಂಗಳಲ್ಲಿ, ಗ್ರಾಹಕರಿಂದ ಚಾರ್ಜರಿಗೆಂದು ಪಡೆದ ಹಣವನ್ನು ಹಿಂದಿರುಗಿಸುವುದಾಗಿ ಕಂಪನಿಗಳು ಒಪ್ಪಿದವು. ಸುದ್ದಿಯನ್ನು ಮೊದಲು ಓದಿದವಳು ಮಗಳು. “ಅಮ್ಮ, ನಿನ್ನ ಒನಕೆ ದುಡ್ಡು ವಾಪಸ್ ಬರುತ್ತಂತೆ!” ಎಂದು ಕೂಗಿಕೊಂಡೇ ಬಂದಳು.

ಬರುತ್ತದೆ ಎನ್ನುವುದಕ್ಕೂ ಬಂತು ಎನ್ನುವುದಕ್ಕೂ ನಡುವೆ ನಾಲ್ಕು ತಿಂಗಳಾಯಿತು. ಮೊದಲು ಕಂಪನಿಯ ಸಂದೇಶ. ಬಿಲ್ಲಿನ ನಂಬರು, ಗಾಡಿಯ ನಂಬರು, ಬ್ಯಾಂಕ್ ಖಾತೆಯ ವಿವರ ಕೊಟ್ಟೆವು. ಆಮೇಲೆ ಮೌನ. ಮಗಳು ಎರಡು ಪತ್ರ ಬರೆದಳು. ಪ್ರತಿಯೊಂದರಲ್ಲೂ ಬಿಲ್ಲಿನ ದಿನಾಂಕ, ಹಿಂದಿನ ಪತ್ರದ ದಿನಾಂಕ, ಬಿಲ್ಲಿನ ನಕಲು. ಬಿಲ್ಲಿನಲ್ಲಿದ್ದ ಹೆಸರೂ ಖಾತೆಯ ಹೆಸರೂ ಒಂದೇ ಆಗಿದ್ದದ್ದು ಉಪಯೋಗಕ್ಕೆ ಬಂತು. ಒಂದು ಬೆಳಗ್ಗೆ ಒಂಬತ್ತು ಸಾವಿರ ಚಿಲ್ಲರೆ ಪೂರ್ತಿಯಾಗಿ ಖಾತೆಗೆ ಜಮೆಯಾಗಿತ್ತು. ವೈರಿಂಗಿನ ಖರ್ಚು ಕಳೆದು ಅವಳ ಪರೀಕ್ಷೆ ಶುಲ್ಕಕ್ಕೂ ಸಾಕಾಯಿತು. ಅದೇ ಗಾಡಿ ಕೊಂಡಿದ್ದ ಅವಳ ಸಹಪಾಠಿಯ ತಂದೆ ಬಿಲ್ಲನ್ನು ಎಲ್ಲಿಟ್ಟರೋ ನೆನಪಾಗದೆ, ಅಂಗಡಿಗೆ ನಕಲಿಗಾಗಿ ಅಲೆಯುತ್ತಿದ್ದರು.

ತಾರೀಖಿನ ಮಹಿಮೆ ತಿಳಿದದ್ದು ಸಾಲದ ವಿಷಯದಲ್ಲಿ. ವಿದ್ಯುತ್ ವಾಹನಕ್ಕೆಂದು ಪಡೆದ ಸಾಲದ ಬಡ್ಡಿಯಲ್ಲಿ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಆದಾಯದಿಂದ ಕಳೆಯಲು ಆದಾಯ ತೆರಿಗೆ ಕಾಯಿದೆಯ 80 ಇಇಬಿ ಕಲಮಿನಲ್ಲಿ ಅವಕಾಶವಿತ್ತು. ಸಾಲ 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರೊಳಗೆ ಮಂಜೂರಾಗಿರಬೇಕು, ಅಷ್ಟೇ. ನನ್ನದು 2022ರ ಅಕ್ಟೋಬರ್‌ನದು, ನನ್ನ ಹೆಸರಿನದೇ. ಪಕ್ಕದ ಮನೆಯವರ ಅರ್ಜಿ ಮಾರ್ಚಿಯಲ್ಲಿ ಬ್ಯಾಂಕಿಗೆ ಹೋಗಿ, ಮಂಜೂರಾತಿ ಏಪ್ರಿಲ್ ಮೊದಲ ವಾರ ಬಂತು. ಗಾಡಿ ಒಂದೇ, ಬ್ಯಾಂಕು ಒಂದೇ, ಬಡ್ಡಿಯೂ ಒಂದೇ. ಅವರಿಗೆ ಆ ಬಾಗಿಲು ಮುಚ್ಚಿತ್ತು. ಆದರೆ ಆದಾಯದಲ್ಲಿ ಕಳೆಯುವುದೆಂದರೆ ತೆರಿಗೆಯಲ್ಲೇ ಅಷ್ಟೂ ಕಳೆಯುವುದಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ಶೇ 20ರ ಮೆಟ್ಟಿಲಲ್ಲಿದ್ದ ನನಗೆ 8,400 ರೂಪಾಯಿ ಬಡ್ಡಿಗೆ ಉಳಿದದ್ದು ಸಾವಿರದ ಏಳುನೂರು ಚಿಲ್ಲರೆ. ದೊಡ್ಡ ಅಂಕಿ ಕಂಡು ಹಿಗ್ಗುವ ಮೊದಲು ಶೇಕಡಾವಾರು ಹಾಕಿ ನೋಡುವುದು ಏಳನೇ ತರಗತಿಯ ಲೆಕ್ಕ, ಜೀವನದುದ್ದಕ್ಕೂ ಬೇಕಾಗುತ್ತದೆ.

ಕರೆಂಟ್ ಬಿಲ್ಲು ಇನ್ನೊಂದು ಲೆಕ್ಕ ಕೊಟ್ಟಿತು. 2023ರ ಜುಲೈನಿಂದ ಗೃಹಜ್ಯೋತಿ ಬಂತು. 2022–23ರ ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿ ಅಷ್ಟು ಉಚಿತ. ಅದನ್ನು ಮೀರಿದರೆ ಮೀರಿದ ಯೂನಿಟ್ಟಿಗೆ ಹಣ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಬಾಡಿಗೆದಾರರಿಗೂ ಇದು ದೊರೆಯಿತು. ನಮ್ಮ ಮನೆಯಲ್ಲಿ ಮೊದಲ ಆರು ತಿಂಗಳು ತಿಂಗಳಿಗೆ 62 ಯೂನಿಟ್. ಸ್ಕೂಟರ್ ಬಂದ ಮೇಲೆ 24 ಹೆಚ್ಚಿ 86. ಹೀಗಾಗಿ ಸರಾಸರಿ 74, ಶೇ 10 ಸೇರಿಸಿದರೆ 81. ತಿಂಗಳಿಗೆ ಐದು ಯೂನಿಟ್ಟಿನ ಹಣ ಮಾತ್ರ ಕೈಯಿಂದ. ಆದರೆ ಗಾಡಿಯನ್ನು ಮರುವರ್ಷ ಕೊಂಡವರ ಸರಾಸರಿಯಲ್ಲಿ ಅದರ ಪಾಲು ಸೇರಿರಲಿಲ್ಲ. ಅವರಿಗೆ ಚಾರ್ಜಿಂಗ್ ಬಹುಪಾಲು ಖರ್ಚೇ ಆಯಿತು. ಹಾಗೆ ಖರ್ಚಾದರೂ ಪೆಟ್ರೋಲಿನ ಮುಂದೆ ಅದು ಏನೂ ಅಲ್ಲ. ಗೃಹಜ್ಯೋತಿಗೆ ಮುಂಚೆ 24 ಯೂನಿಟ್ಟಿಗೆ ನಾವು ಕೊಟ್ಟದ್ದು ನೂರೈವತ್ತರ ಒಳಗೆ. ಅಷ್ಟೇ ಓಡಾಟಕ್ಕೆ ಪೆಟ್ರೋಲಾಗಿದ್ದರೆ ಸಾವಿರದ ನಾನೂರು.

ನಿಯಮಗಳು ಮಳೆಗಾಲದ ಬಿಸಿಲಿನಂತೆ, ಇದ್ದಂತೆ ಇರುವುದಿಲ್ಲ. 2023ರ ಜೂನ್ 1ರಿಂದ ‘ಫೇಮ್’ ಸಹಾಯಧನ ಯೂನಿಟ್ಟಿಗೆ 10,000ಕ್ಕೆ ಇಳಿದು, ಕಾರ್ಖಾನೆ ಬೆಲೆಯ ಶೇ 15ನ್ನು ಮೀರಬಾರದೆಂದಾಯಿತು. 2024ರ ಮಾರ್ಚ್‌ಗೆ ಆ ಯೋಜನೆಯೇ ಮುಗಿಯಿತು. ಅದೇ ಅಕ್ಟೋಬರ್‌ನಲ್ಲಿ ಬಂದ ‘ಪಿ.ಎಂ. ಇ-ಡ್ರೈವ್’ ಯೋಜನೆಯಲ್ಲಿ ಸ್ಕೂಟರಿಗೆ ಮೊದಲ ವರ್ಷ ಹೆಚ್ಚೆಂದರೆ 10,000, ಎರಡನೆಯ ವರ್ಷ 5,000. ಜೊತೆಗೆ ಆಧಾರ್ ದೃಢೀಕರಣ, ಇ-ವೋಚರಿಗೆ ಕೊಂಡವರ ಸಹಿ. ಒಂದು ಒಳ್ಳೆಯ ಬದಲಾವಣೆಯೂ ಆಯಿತು: 2024ರ ಫೆಬ್ರುವರಿಯಲ್ಲಿ ತಿದ್ದಿದ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಲ್ಲಿ, ವಾಹನ ಚಾರ್ಜ್ ಮಾಡಲು ಪ್ರತ್ಯೇಕ ಸಂಪರ್ಕ ಕೇಳುವ ಅವಕಾಶ ಗ್ರಾಹಕನಿಗೆ ಸಿಕ್ಕಿತು.

ಆದ್ದರಿಂದ ಮಕ್ಕಳಿಗೆ ಗಾಡಿ ಕೊಡಿಸುವ ತಂದೆತಾಯಿಯರಿಗೆ ನನ್ನದೊಂದು ಮಾತು. ಬಣ್ಣವನ್ನು ಮಕ್ಕಳೇ ಆರಿಸಲಿ, ಕಾಗದಗಳನ್ನೂ ಅವರೇ ನೋಡಿಕೊಳ್ಳಲಿ. ಸಹಾಯಧನದ ಕೊನೆಯ ದಿನಾಂಕ, ಬಿಲ್ಲಿನಲ್ಲಿ ಒಡೆದು ತೋರಿಸಿದ ಬಾಬತ್ತುಗಳು, ಸಾಲದ ಮಂಜೂರಾತಿ ಪತ್ರ, ಮಾಲೀಕರ ಒಪ್ಪಿಗೆ, ವೈರ್‌ಮನ್‌ನ ರಸೀದಿ — ಇವನ್ನು ಓದಿ ಜೋಡಿಸುವುದು ಯಾವ ಪಠ್ಯದಲ್ಲೂ ಇಲ್ಲ. ನಮ್ಮ ಹುಡುಗಿ ಈಗ ನೆರೆಯವರ ಸ್ಕಾಲರ್‌ಷಿಪ್ ಅರ್ಜಿಗಳನ್ನೂ ತುಂಬಿಕೊಡುತ್ತಾಳೆ.

ಒಂದು ಕೊರಗು ಮಾತ್ರ ಉಳಿದಿದೆ. 45,000 ರೂಪಾಯಿಯ ಸಹಾಯ ಪಡೆಯಲು ನಮ್ಮ ಬಳಿ ಮೊದಲು ಲಕ್ಷ ರೂಪಾಯಿ ಸಾಲ ಹುಟ್ಟಬೇಕಾಯಿತು. ನಮ್ಮ ಮನೆಕೆಲಸಕ್ಕೆ ಬರುವಾಕೆಯ ಮಗಳೂ ಅದೇ ಕಾಲೇಜಿಗೆ ಹೋಗುತ್ತಾಳೆ. ಅವರಿರುವ ಒಂಟಿ ಕೋಣೆಗೆ ಪೋರ್ಟಿಕೋ ಇಲ್ಲ, ಸಂಬಳದ ಚೀಟಿ ಇಲ್ಲದ್ದರಿಂದ ಬ್ಯಾಂಕಿನ ಸಾಲವೂ ಇಲ್ಲ. ಯಾವ ರಿಯಾಯಿತಿಯೂ ಆ ಮನೆಯ ಬಾಗಿಲಿಗೆ ಬರಲಿಲ್ಲ. ಬೇಕಾದದ್ದು ಅವರಿಗೇ ಹೆಚ್ಚಾಗಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಬಸ್ಸಾದರೂ ಹೆಣ್ಣುಮಕ್ಕಳಿಗೆ ಉಚಿತವಾಯಿತು, ಅದಕ್ಕೆ ರಸೀದಿ ಇಡಬೇಕಾಗಿರಲಿಲ್ಲ. ಪ್ರಾಕ್ಟಿಕಲ್ ಇರುವ ದಿನಗಳಲ್ಲಿ ಇಬ್ಬರು ಹುಡುಗಿಯರೂ ಸಂಜೆ ಒಂದೇ ಸ್ಕೂಟರಿನಲ್ಲಿ ವಾಪಸಾಗುತ್ತಾರೆ. ಹಿಂದೆ ಕುಳಿತವಳಿಗೆಂದು ಎರಡನೆಯ ಹೆಲ್ಮೆಟ್ ಕೊಂಡದ್ದರ ಬಿಲ್ಲೂ ಫೈಲಿನಲ್ಲಿದೆ. ಅದಕ್ಕೆ ಯಾವ ಸಬ್ಸಿಡಿಯೂ ಇಲ್ಲ, ಬೇಕಾಗಿಯೂ ಇಲ್ಲ.